ಸಮೀಕರಣದಲ್ಲಿ ಕಾಣದ ಹುಳಿ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಲ್ಯಾಬ್‌ನಲ್ಲಿ ನನಗದು ಮೊದಲ ಹಂಗಾಮು. ಒಂದು ರಾತ್ರಿ ಪಾಳಿಯಲ್ಲಿ ಕಬ್ಬಿನ ರಸದ ಹುಳಿ ತಗ್ಗಿಸಲು ಬಿಡುವ ಸುಣ್ಣದ ಹಾಲಿನ ಪಂಪು ಕಟ್ಟಿಕೊಂಡಿತು. ರಸದ ಪಿಎಚ್ 7ರಿಂದ 6ಕ್ಕೆ ಇಳಿಯಿತು, ಅಂದರೆ ಹುಳಿ ಏರಿತು. ನಾನು ಅದನ್ನು ಪುಸ್ತಕದಲ್ಲಿ ಬರೆದೆ, ಸುಮ್ನೆ ಕೂತೆ. ಯಾರಿಗೂ ಹೇಳಲಿಲ್ಲ.

ಯಾಕೆಂದರೆ ನಾನು ಓದಿದ್ದು ಇಷ್ಟು: ಸಕ್ಕರೆಗೆ ನೀರು ಸೇರಿದರೆ ಅದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಸಮೀಕರಣದಲ್ಲಿ ಹುಳಿಯ, ಅಂದರೆ ಆಸಿಡ್‌ನ, ಹೆಸರೇ ಇಲ್ಲ. ರಸ ಕುದಿಸಿ ಸಿರಪ್ ಮಾಡುವ ಇವಾಪೊರೇಟರ್‌ನಲ್ಲಿ ಹೇಗೂ ನೀರು ಕಡಿಮೆ ಆಗುತ್ತದೆ, ಇನ್ನೇನು ಒಡೆಯುತ್ತದೆ ಅಂದುಕೊಂಡೆ. ಬೆಳಿಗ್ಗೆ ಸಿರಪ್‌ನ ಪ್ಯೂರಿಟಿ, ಅಂದರೆ ಕರಗಿದ್ದರಲ್ಲಿ ಸಕ್ಕರೆಯ ಪಾಲು, ಬಿದ್ದಿತ್ತು. ಒಡೆದ ಸಕ್ಕರೆ ಹರಳಾಗುವುದಿಲ್ಲ, ಕಾಕಂಬಿಗೆ ಹೋಗುತ್ತದೆ. ರೈತರು ವರ್ಷವಿಡೀ ನೀರು ಹಾಯಿಸಿ ಬೆಳೆದ ಕಬ್ಬಿನ ಸಕ್ಕರೆ ಅದು. ಈಗಲೂ ಹೊಟ್ಟೆ ಉರಿಯುತ್ತದೆ.

ಲ್ಯಾಬ್‌ನ ಸಾಹೇಬರು ಬೈಯಲಿಲ್ಲ. "ತಮ್ಮಾ, ನೀನ ಮಾಡಿ ನೋಡು" ಅಂದರು. ಪೋಲಾರಿಮೀಟರ್ ಮುಂದೆ ಕೂರಿಸಿದರು. ದ್ರಾವಣ ಧ್ರುವೀಕರಿಸಿದ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಉಪಕರಣ ಅದು: ಸಕ್ಕರೆ ಬಲಕ್ಕೆ ತಿರುಗಿಸುತ್ತದೆ, ರೀಡಿಂಗ್ ಪ್ಲಸ್; ಒಡೆದ ಮೇಲೆ ಎಡಕ್ಕೆ, ಮೈನಸ್. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿ ಇದೇ ಸಕ್ಕರೆ, ಹುಳಿ, ಪೋಲಾರಿಮೀಟರ್ ಇಟ್ಟುಕೊಂಡು ವೇಗದ ಸಮೀಕರಣ, ಅಂದರೆ ಒಡೆಯುವ ವೇಗ ಯಾವುದರ ಮೇಲೆ ಎಷ್ಟು ನಿಂತಿದೆ ಅನ್ನುವ ಲೆಕ್ಕ, ಬರೆದಿದ್ದ. ನಾನು ಸಕ್ಕರೆ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದೆ, ಹತ್ತು ನಿಮಿಷಕ್ಕೊಮ್ಮೆ ರೀಡಿಂಗ್ ಬರೆದೆ. ಸಕ್ಕರೆ ಎರಡು ಪಟ್ಟು ಮಾಡಿದರೂ ಅರ್ಧ ಒಡೆಯಲು ಅಷ್ಟೇ ಹೊತ್ತು, ಅಂದರೆ ಅಷ್ಟೇ ಹೊತ್ತಿನಲ್ಲಿ ಎರಡು ಪಟ್ಟು ಸಕ್ಕರೆ ಒಡೆಯಿತು. ಆಸಿಡ್ ಎರಡು ಪಟ್ಟು ಮಾಡಿದರೆ ಹೊತ್ತು ಅರ್ಧಕ್ಕೆ ಇಳಿಯಿತು. ಅಂದರೆ ವೇಗ ಕೂತಿರುವುದು ಸಕ್ಕರೆ ಮತ್ತು ಹುಳಿಯ ಮೇಲೆ.

ಒಳಗೆ ಆಗುವುದು ಹೀಗೆ. ಮೊದಲು ಹುಳಿಯ ಹೈಡ್ರೋಜನ್ ಅಯಾನು ಸಕ್ಕರೆಯ ಎರಡು ಉಂಗುರಗಳ ನಡುವಿನ ಆಮ್ಲಜನಕಕ್ಕೆ ಅಂಟುತ್ತದೆ. ಇದು ಬೇಗ ಆಗುತ್ತದೆ. ಆಮೇಲೆ ಆ ಕೊಂಡಿ ಮುರಿಯಬೇಕು, ನಿಧಾನದ ಕೆಲಸ ಅದೇ. ನೀರು ಬಂದು ಸೇರುವುದು ಅದು ಮುರಿದ ಮೇಲೆ. ಹುಳಿ ಕೊನೆಗೆ ಹಾಗೇ ಹೊರಬರುತ್ತದೆ, ಅದಕ್ಕೇ ಒಟ್ಟು ಸಮೀಕರಣದಲ್ಲಿ ಕಾಣುವುದಿಲ್ಲ. ನಿಧಾನದ ಹೆಜ್ಜೆಯವರೆಗೆ ಯಾರು ಯಾರು ಸೇರಿದರೋ ಅವರ ಲೆಕ್ಕ ವೇಗದ ಸಮೀಕರಣದಲ್ಲಿ ಸಿಗುತ್ತದೆ. ಆದರೆ ನೀರಿನ ವಿಷಯ ಅದೊಂದರಿಂದಲೇ ಗೊತ್ತಾಗುವುದಿಲ್ಲ. ತೆಳು ದ್ರಾವಣದಲ್ಲಿ ನೀರು ಎಷ್ಟು ಜಾಸ್ತಿ ಇರುತ್ತದೆಂದರೆ, ಅದರ ಪ್ರಮಾಣ ಬದಲಾದದ್ದೇ ಕಾಣುವುದಿಲ್ಲ.

ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು, ಒಡೆಯುವ ವೇಗವೂ ಹತ್ತು ಪಟ್ಟು, ಅಲ್ವಾ? ಮೇಲೆ ರಸದ ಕಾವು ಬೇರೆ.

ಈಗ ಹೊಸ ಹುಡುಗರು ಬಂದರೆ ಮೊದಲ ವಾರವೇ ಈ ಪ್ರಯೋಗ ಮಾಡಿಸುತ್ತೇನೆ. ಮೊನ್ನೆ ಒಬ್ಬ ಮಧ್ಯಾಹ್ನದವರೆಗೂ ಟ್ಯೂಬ್ ನೋಡುತ್ತಾ ಕೂತಿದ್ದ. ರೀಡಿಂಗ್ ಸೊನ್ನೆ ದಾಟಿ ಮೈನಸ್ ಕಡೆ ಹೋದ ಕೂಡಲೇ "ಸರ್ರ, ಬರ್ರಿ ಇಲ್ಲಿ!" ಅಂತ ಕೂಗಿದ. ಊಟ ಬಿಟ್ಟು ಎದ್ದು ಹೋದೆ.