ಮಳೆ ಪುಸ್ತಕದ ಸೊನ್ನೆಗಳು

ಕಾಫಿ ತೋಟದಲ್ಲಿ ಜನವರಿ ಒಂದನೇ ತಾರೀಖು ಕೊಯ್ಲಿನ ನಟ್ಟನಡುವೆ ಬರುತ್ತದೆ. ನವೆಂಬರಿನಲ್ಲಿ ಶುರುವಾದ ಅರೇಬಿಕಾ ತಳಿಯ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಅತ್ತ ರೊಬಸ್ಟಾ ತಳಿಯ ಹಣ್ಣು ಕೆಂಪಾಗತೊಡಗಿರುತ್ತದೆ. ಬೆಳಗ್ಗೆ ಹಾಜರಿ ಕೂಗಿ ಆಳುಗಳನ್ನು ಸಾಲಿಗೆ ಬಿಟ್ಟರೆ ಸಂಜೆ ಹಣ್ಣಿನ ತೂಕ, ತೂಕ ಮುಗಿದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಅದಾದ ಮೇಲೆ ಕಣದ ಕಾಫಿಗೆ ಟಾರ್ಪಾಲು ಮುಚ್ಚಿಸಬೇಕು, ಎಲ್ಲ ಆದ ಮೇಲೆ ಲೆಕ್ಕ. ಕೊಡಗಿನ ಮಾದಾಪುರದ ಕಡೆಯ ಒಂದು ತೋಟದಲ್ಲಿ 2009ರಿಂದ ರೈಟರ್ ಕೆಲಸ, ಎಂದರೆ ಆಳುಗಳ ಉಸ್ತುವಾರಿ ಮತ್ತು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಅಷ್ಟೂ ವರ್ಷ ಡಿಸೆಂಬರ್ 31ರ ರಾತ್ರಿ ಹೊಸ ಡೈರಿಯ ಮೊದಲ ಪುಟದಲ್ಲಿ ಮುಂದಿನ ವರ್ಷದ ಗುರಿಗಳನ್ನು ಬರೆದಿದ್ದೇನೆ. ಬಹುಪಾಲು ವರ್ಷಗಳಲ್ಲಿ ಅವು ಜನವರಿ ಇಪ್ಪತ್ತನ್ನು ದಾಟಲಿಲ್ಲ.

ನನ್ನಲ್ಲಿ ಮನಸ್ಸಿನ ಗಟ್ಟಿತನ ಸಾಲದು ಎಂದೇ ಬಹಳ ಕಾಲ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ವರ್ಷದಲ್ಲೇ ಅತಿ ಹೆಚ್ಚು ದಣಿಯುವ ತಿಂಗಳಿನಲ್ಲಿ ಹೊಸ ಅಭ್ಯಾಸವೊಂದನ್ನು ನೆಡಲು ಹೊರಡುವುದು ಬಿರುಬಿಸಿಲಿನಲ್ಲಿ ಕಾಫಿ ಸಸಿ ನೆಟ್ಟ ಹಾಗೆ. ನಾವು ಸಸಿ ನೆಡುವುದು ಮುಂಗಾರು ಹಿಡಿದ ಮೇಲೆ. ಅಷ್ಟು ಸರಳ ಸಂಗತಿಯನ್ನು ಗಿಡದ ವಿಷಯದಲ್ಲಿ ಎಂದೂ ಮರೆಯದ ನಾನು ನನ್ನ ವಿಷಯದಲ್ಲಿ ಹತ್ತು ವರ್ಷ ಮರೆತಿದ್ದೆ.

ಗುರಿಗಳು ಎಂಥವಾಗಿದ್ದವು ಎಂಬುದನ್ನೂ ಹೇಳಬೇಕು. 2018ರ ಡೈರಿಯ ಮೊದಲ ಸಾಲು ಹೀಗಿದೆ: ‘ಈ ವರ್ಷ ರೊಬಸ್ಟಾ ಎಕರೆಗೆ ಎರಡು ಚೀಲ ಹೆಚ್ಚು.’ ಆ ವರ್ಷ ಕಾಫಿ ಹೂವು ಅರಳಿಸುವ ಬೇಸಿಗೆಯ ಮಳೆ, ಹೂಮಳೆ, ಚೆನ್ನಾಗಿಯೇ ಬಿತ್ತು, ಕಾಯಿಯೂ ಕಟ್ಟಿತು. ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯೆಲ್ಲ ಗುಡ್ಡಗಳು ಕುಸಿದವು. ಜನ ಮನೆ ಮಠ ಕಳೆದುಕೊಂಡರು, ಜೀವಗಳೂ ಹೋದವು. ನಮ್ಮ ತೋಟದಲ್ಲಿ ಮೇಲಿನ ಇಳಿಜಾರು ಗಿಡ, ನೆರಳುಮರ, ಮೆಣಸಿನ ಬಳ್ಳಿ ಸಮೇತ ತೋಡಿಗೆ ಇಳಿಯಿತು. ಮಳೆ ನಿಂತ ಮೇಲೆ ಒಂದು ದಿನ ಡೈರಿ ತೆಗೆದು ಆ ಸಾಲನ್ನು ಓದಿದೆ. ಎರಡು ಚೀಲ! ಅದು ನನ್ನ ಕೈಯಲ್ಲಿದ್ದ ವಿಷಯವೇ ಆಗಿರಲಿಲ್ಲ. ಚರಂಡಿಯ ಕಸ ತೆಗೆಸುವುದು, ಹೊತ್ತಿಗೆ ಸರಿಯಾಗಿ ಚಿಗುರು ತೆಗೆಸುವುದು, ಮಳೆಗೆ ಮುಂಚೆ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ಮುಗಿಸುವುದು, ಇವು ನನ್ನ ಕೈಯಲ್ಲಿದ್ದವು. ಫಸಲು ಮಳೆಯದು, ಮಣ್ಣಿನದು. ಅದೂ ಕಾಫಿ ಗಿಡ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಸೊರಗುತ್ತದೆ. ಪ್ರತಿ ವರ್ಷ ಹೋದ ವರ್ಷಕ್ಕಿಂತ ಹೆಚ್ಚು ಎಂದು ಅದರ ಮುಂದೆ ನಿಂತು ಶಪಥ ಮಾಡುವುದು ಗಿಡವನ್ನು ಅರಿಯದವರ ಮಾತು.

ಇನ್ನು ನನಗೆ ನಿಜವಾಗಿ ಮುಖ್ಯವಾದ ಗುರಿ ಸಿಕ್ಕಿದ್ದು ಒಂದು ತಪ್ಪಿನಿಂದ.

2021ರ ಡಿಸೆಂಬರ್. ನಮ್ಮ ಕೊಯ್ಲಿಗೆ ಅಸ್ಸಾಮಿನಿಂದ ಒಂದು ಗುಂಪು ಬಂದಿತ್ತು. ಬೆಳಗಿನ ಹನ್ನೊಂದರ ಹೊತ್ತಿಗೆ ಅವರಲ್ಲಿ ಒಬ್ಬ ಹೆಂಗಸು ಮುಖಕ್ಕೆ ಸೆರಗು ಒತ್ತಿಕೊಂಡು ಬಂದು ಏನನ್ನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಮೇಸ್ತ್ರಿ, “ರಜೆ ಬೇಕಂತೆ ಸಾರ್” ಎಂದ. “ತೂಕ ಆದ ಮೇಲೆ ನೋಡೋಣ ಎಂದು ಹೇಳು” ಎಂದು ನಾನು ಮುಂದಿನ ಸಾಲಿಗೆ ಹೋದೆ. ಬಾಗಿಸಿ ಹಿಡಿದಿದ್ದ ಕಾಫಿ ಗಿಡದ ರೆಕ್ಕೆ, ಎಂದರೆ ಕೊಂಬೆ, ಕೈತಪ್ಪಿ ಚಿಮ್ಮಿ ಅವಳ ಕಣ್ಣಿಗೆ ಹೊಡೆದಿತ್ತು. ಅದು ತಿಳಿದದ್ದು ಸಂಜೆ, ಕಣ್ಣು ಬಾತು ಮುಚ್ಚಿಹೋದ ಮೇಲೆ. ಮಡಿಕೇರಿಗೆ ಕರೆದುಕೊಂಡು ಹೋದಾಗ ವೈದ್ಯರು, ಬೆಳಗ್ಗೆಯೇ ಯಾಕೆ ತರಲಿಲ್ಲ ಎಂದು ಕೇಳಿದರು. ಕಣ್ಣು ಉಳಿಯಿತು. ಆದರೆ ಎರಡು ವಾರ ಅವಳು ಆಳುಗಳ ಲೈನ್ ಮನೆಯ ಜಗುಲಿಯಲ್ಲಿ ಪಟ್ಟಿ ಕಟ್ಟಿಕೊಂಡು ಕುಳಿತಿರುವುದನ್ನು ದಿನವೂ ಹಾಜರಿಗೆ ಹೋಗುವಾಗ ನೋಡಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ನಾಚಿಕೆಯಾದ ದಿನಗಳಿಲ್ಲ.

2022ರ ಡೈರಿಯಲ್ಲಿ ಒಂದೇ ಸಾಲು ಬರೆದೆ: ‘ಹಿಂದಿ ಕಲಿಯಬೇಕು.’ ಪುಸ್ತಕವೂ ಬಂತು. ರಾತ್ರಿ ಒಂಬತ್ತಕ್ಕೆ ಲೆಕ್ಕ ಮುಗಿಸಿ ಪುಸ್ತಕ ತೆರೆದರೆ ಎರಡನೇ ಸಾಲಿಗೆ ಕಣ್ಣು ಮುಚ್ಚುತ್ತಿತ್ತು. ಜನವರಿ ಹದಿನೆಂಟಕ್ಕೆ ನಿಂತುಹೋಯಿತು. ಕಾರಣ ಎಷ್ಟೇ ದೊಡ್ಡದಿರಲಿ, ಪಶ್ಚಾತ್ತಾಪ ಎಷ್ಟೇ ನಿಜವಿರಲಿ, ಅದೊಂದರಿಂದಲೇ ಕೆಲಸ ನಡೆಯುವುದಿಲ್ಲ ಎಂದು ಆಗ ಗೊತ್ತಾಯಿತು.

ದಾರಿ ತೋರಿಸಿದ್ದು ನಾನು ದಿನವೂ ಮುಟ್ಟುವ ಮಳೆ ಪುಸ್ತಕ.

ಕೊಡಗಿನ ತೋಟಗಳಲ್ಲಿ ಮಳೆ ಬರೆದಿಡುವುದು ಹಳೆಯ ವಾಡಿಕೆ. ಬೆಳಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆಯುತ್ತೇವೆ. ನೂರು ಸೆಂಟು ಒಂದು ಇಂಚು, ಎಂದರೆ 25.4 ಮಿಲಿಮೀಟರ್. ನನಗೆ ಈ ಕೆಲಸ ಕಲಿಸಿದವರು ಆಗಿನ ದೊಡ್ಡ ರೈಟರು. ನಾನು ಸೇರಿದ ಮೊದಲ ಬೇಸಿಗೆಯಲ್ಲಿ, ಮಳೆಯೇ ಇಲ್ಲವಲ್ಲ ಎಂದು ಹತ್ತು ಹನ್ನೆರಡು ದಿನ ಏನನ್ನೂ ಬರೆಯದೆ ಬಿಟ್ಟಿದ್ದೆ. ಅವರು ಪುಟ ತಿರುವಿ ನೋಡಿ ನನ್ನನ್ನು ಕರೆದರು.

“ಈ ಮನೆಗಳು ಯಾಕೆ ಖಾಲಿ?”

“ಮಳೆ ಬರಲಿಲ್ಲ ಸಾರ್.”

“ಮಳೆ ಬರಲಿಲ್ಲವೋ, ನೀನು ಬರಲಿಲ್ಲವೋ, ನಾಳೆ ಪುಸ್ತಕ ತೆರೆದವನಿಗೆ ಹೇಗೆ ತಿಳಿಯಬೇಕು? ಇಲ್ಲದಿದ್ದರೆ ಸೊನ್ನೆ ಬರೆ. ಸೊನ್ನೆಯೂ ಲೆಕ್ಕವೇ.”

ಅವರು ನಿವೃತ್ತರಾಗುವ ತನಕ ಬರೆದ ಪುಸ್ತಕಗಳು ಈಗಲೂ ಕಚೇರಿಯ ಬೀರುವಿನಲ್ಲಿವೆ. ಜನವರಿ, ಫೆಬ್ರವರಿಯ ಪುಟಗಳ ತುಂಬ ಸೊನ್ನೆಗಳ ಸಾಲು. ಒಂದು ಮನೆಯೂ ಖಾಲಿ ಇಲ್ಲ.

2022ರ ಮಾರ್ಚಿನಲ್ಲಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಒಂದು ವಾರ ಕಳೆದು ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು. ಆ ಬೆಳಗ್ಗೆ ಮಳೆ ಪುಸ್ತಕದಲ್ಲಿ ಸೊನ್ನೆ ಬರೆದು, ಅದರ ಪಕ್ಕದ ಖಾಲಿ ಕಾಲಮ್ಮಿನಲ್ಲಿ ಒಂದು ಹಿಂದಿ ಪದ ಬರೆದೆ: ‘ದರ್ದ್.’ ನೋವು. ದಿನಕ್ಕೆ ಒಂದು ಪದ, ಅಷ್ಟೇ. ಕಲಿಯದ ದಿನ ಸೊನ್ನೆ.

ಇಲ್ಲಿ ಹೂವಿನ ಬಗ್ಗೆ ಸ್ವಲ್ಪ ಹೇಳುವುದಿದೆ. ಹೂಮಳೆ ಬಿದ್ದು ಹೂವು ಅರಳಿತೆಂದರೆ ಬೆಳೆಗಾರ ನಿಶ್ಚಿಂತನಾಗುವುದಿಲ್ಲ. ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಅದನ್ನು ಬ್ಯಾಕಿಂಗ್ ಮಳೆ ಎನ್ನುತ್ತೇವೆ. ಅದು ಬಾರದಿದ್ದರೆ ಅಷ್ಟು ಚಂದದ ಹೂವೂ ಕಾಯಿಗೆ ನಿಲ್ಲದೆ ಒಣಗುತ್ತದೆ. ಕೆರೆ ಇದ್ದವರು ಮಳೆಯನ್ನು ನಂಬಿ ಕೂರದೆ ಸ್ಪ್ರಿಂಕ್ಲರ್ ಹಾಕುತ್ತಾರೆ. ನನ್ನ ಡೈರಿಯ ಗುರಿಗಳೆಲ್ಲ ಒಂದೇ ಮಳೆಗೆ ಅರಳಿದವು, ಮೂರನೇ ವಾರಕ್ಕೆ ನೀರು ಕೊಡುವ ಯೋಚನೆಯನ್ನು ನಾನು ಮಾಡಿರಲೇ ಇಲ್ಲ. ಈ ಸಲ ಮೊದಲೇ ಮಾಡಿದೆ. ಇಪ್ಪತ್ತನೇ ದಿನಕ್ಕೆ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಅಂದು ಹೊಸ ಪದ ಬೇಡ, ಹಿಂದಿನ ಪುಟ ನೋಡಿದರೆ ಸಾಕು ಎಂದು.

ನೋಡಿದಾಗ ಹದಿನಾರು ಪದ, ಮೂರು ಸೊನ್ನೆ. ಸೊನ್ನೆಗಳು ಎಲ್ಲೆಲ್ಲೋ ಇರಲಿಲ್ಲ, ಮೂರು ಶನಿವಾರಗಳ ಮೇಲೆ ಸಾಲಾಗಿ ಕುಳಿತಿದ್ದವು. ಶನಿವಾರ ನಮ್ಮಲ್ಲಿ ಕೂಲಿ ಬಟವಾಡೆ. ಬೆಳಗ್ಗೆಯಿಂದಲೇ ತಲೆಯಲ್ಲಿ ಹಣದ ಲೆಕ್ಕ. ಇದು ಸೋಮಾರಿತನವಲ್ಲ ಎಂದು ಆ ಪುಟವೇ ಹೇಳಿತು. ಅಂದಿನಿಂದ ಶನಿವಾರದ ಮನೆಗೆ ಮೊದಲೇ ಅಡ್ಡಗೆರೆ ಎಳೆದುಬಿಡುತ್ತೇನೆ. ಸೊನ್ನೆ ಬರೆಯುವ ಗುಣವಿಲ್ಲದಿದ್ದರೆ ನನಗೆ ಇದು ಎಂದೂ ಕಾಣುತ್ತಿರಲಿಲ್ಲ. ಖಾಲಿ ಮನೆಗಳನ್ನು ನೋಡಿ, ಮತ್ತೆ ತಪ್ಪಿತು ಎಂದು ಬೇಸರಪಟ್ಟು ಪುಸ್ತಕ ಮುಚ್ಚುತ್ತಿದ್ದೆ.

ಗುರಿ ಇಟ್ಟುಕೊಳ್ಳುವ ಕಿರಿಯ ಸಹೋದ್ಯೋಗಿಗಳಿಗೆ ನಾನು ಈಗ ಒತ್ತಿ ಹೇಳುವುದು ಇದನ್ನೇ. ಹೊಸ ಡೈರಿ ಕೊಳ್ಳಬೇಡಿ. ಹೇಗೂ ದಿನವೂ ತೆರೆಯಲೇಬೇಕಾದ ಪುಸ್ತಕ ಯಾವುದೋ ಅದರ ಅಂಚಿನಲ್ಲಿ ಜಾಗ ಮಾಡಿಕೊಳ್ಳಿ. ಕೊಯ್ಲಿನ ದಿನದ ದಣಿವಿನಲ್ಲೂ ಆಗುವಷ್ಟೇ ಅಳತೆ ಇಟ್ಟುಕೊಳ್ಳಿ, ಬಿಡುವಿನ ದಿನದ ಉತ್ಸಾಹದ ಅಳತೆ ಬೇಡ. ತಾರೀಖನ್ನು ಕ್ಯಾಲೆಂಡರಿನಿಂದ ತೆಗೆದುಕೊಳ್ಳದೆ ಕೆಲಸದಿಂದಲೇ ತೆಗೆದುಕೊಳ್ಳಿ. ಬಿಳಿ ಕಾಂಡಕೊರಕ ಎಂಬ ಕೀಟ ಹಿಡಿದ ಅರೇಬಿಕಾ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹುಡುಕಿ ಕೀಳಿಸುತ್ತೇವೆ. ಏಪ್ರಿಲಿನಲ್ಲಿ ಮತ್ತು ಅಕ್ಟೋಬರಿನಲ್ಲಿ ಆ ಕೀಟದ ದುಂಬಿ ಹೊರಗೆ ಹಾರುವ ಕಾಲ ಶುರುವಾಗುತ್ತದೆ, ಅದರೊಳಗೆ ಮುಗಿಸದಿದ್ದರೆ ಪಕ್ಕದ ಗಿಡಗಳಿಗೂ ಹೋಗುತ್ತದೆ. ಆ ಗಡುವಿಗೆ ಒಂದು ಕಾರಣವಿದೆ, ಆದ್ದರಿಂದ ಯಾರೂ ಅದನ್ನು ಮುಂದೂಡುವುದಿಲ್ಲ. ನನ್ನ ಗಡುವು ಮುಂದಿನ ನವೆಂಬರ್ ಆಗಿತ್ತು, ಆ ಗುಂಪು ಮತ್ತೆ ಬರುವ ಹೊತ್ತು.

ಜುಲೈ ಕಷ್ಟದ ತಿಂಗಳು. ಮಳೆಯ ಕಾಲಮ್ಮಿನಲ್ಲಿ ದಿನವೂ ಮೂರು ಇಂಚು, ನಾಲ್ಕು ಇಂಚು, ಪದದ ಕಾಲಮ್ಮಿನಲ್ಲಿ ಸೊನ್ನೆಯ ಮೇಲೆ ಸೊನ್ನೆ. ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿರುತ್ತದೆ, 2018ರ ನಂತರ ಮಳೆಗಾಲದ ರಾತ್ರಿಗಳಲ್ಲಿ ಇಳಿಜಾರಿನ ಕಡೆ ಕಿವಿ ಕೊಟ್ಟೇ ಮಲಗುವ ಅಭ್ಯಾಸ ಬೇರೆ. ಹನ್ನೊಂದು ದಿನ ಸತತ ಸೊನ್ನೆ ಬರೆದು ಹನ್ನೆರಡನೆಯ ದಿನ ‘ಭೀಗ್‌ನಾ’, ನೆನೆಯುವುದು ಎಂದು ಬರೆದೆ. ಹಿಂದಿನ ವರ್ಷಗಳಲ್ಲಾಗಿದ್ದರೆ ಹನ್ನೊಂದು ದಿನ ತಪ್ಪಿದ ಮೇಲೆ ಹನ್ನೆರಡನೆಯದು ಇರುತ್ತಿರಲಿಲ್ಲ. ಅದೇ ವರ್ಷ ದಿನವೂ ಮಗಳ ಜೊತೆ ಅರ್ಧ ಗಂಟೆ ಓದಲು ಕೂರುತ್ತೇನೆ ಎಂದು ಇನ್ನೊಂದು ಗುರಿ ಸೇರಿಸಿದ್ದೆ. ಅದನ್ನು ಆಗಸ್ಟಿನಲ್ಲಿ ಕೈಬಿಟ್ಟೆ. ಅವಳಿಗೆ ಬೇಕಿದ್ದದ್ದು ಭಾನುವಾರ ಬೆಳಗ್ಗೆ ನನ್ನ ಜೊತೆ ತೋಟ ಸುತ್ತುವುದು. ಅದನ್ನು ಅವಳೇ ಹೇಳಿದಳು, ಈಗಲೂ ಸುತ್ತುತ್ತೇವೆ. ಬೇರೆಯವರಿಗಾಗಿ ಗುರಿ ಇಡುವ ಮೊದಲು ಅವರನ್ನು ಒಮ್ಮೆ ಕೇಳಬೇಕಿತ್ತು.

ನವೆಂಬರ್ ಕೊನೆಗೆ ಆ ಗುಂಪು ಬಂದಾಗ ನನ್ನ ಬಳಿ ನೂರೈವತ್ತಕ್ಕೂ ಹೆಚ್ಚು ಪದಗಳಿದ್ದವು. ವ್ಯಾಕರಣ ಸರಿ ಇರಲಿಲ್ಲ, ಆದರೆ ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ಜ್ವರ ಇದೆಯಾ, ನೀರು ಕುಡಿದಿರಾ ಎಂದು ಕೇಳಬಲ್ಲೆನಾಗಿದ್ದೆ. ಹುತ್ತರಿ ಹಬ್ಬ ಕಳೆದು ಎರಡು ದಿನಕ್ಕೆ, ಹಾಜರಿಯ ಹೊತ್ತಿನಲ್ಲಿ ಆ ಹೆಂಗಸು ಎದುರು ಬಂದಳು. ನನ್ನ ಕಣ್ಣು ತೋರಿಸಿ, ‘ಆಂಖ್’ ಈಗ ಹೇಗಿದೆ ಎಂದು ತಡವರಿಸುತ್ತಾ ಹಿಂದಿಯಲ್ಲಿ ಕೇಳಿದೆ. ಅವಳು ಒಂದು ಕ್ಷಣ ಸುಮ್ಮನೆ ನೋಡಿ ನಕ್ಕಳು. ಚೆನ್ನಾಗಿದೆ ಎಂದಳು. ಆಮೇಲೆ ತನ್ನ ಕಣ್ಣಿನ ಕೆಳಗೆ ಬೆರಳಿಟ್ಟು, ನಮ್ಮ ಮನೆಯಲ್ಲಿ ಇದಕ್ಕೆ ಆಂಖ್ ಎನ್ನುವುದಿಲ್ಲ, ‘ಸೊಕು’ ಎನ್ನುತ್ತೇವೆ ಎಂದು ನಿಧಾನವಾಗಿ ಎರಡು ಸಲ ಹೇಳಿದಳು. ಆ ದಿನ ಅವಳು ಬಂದು ನನ್ನ ಮುಂದೆ ಏನು ಹೇಳಿರಬಹುದು ಎಂದು ಒಂದು ವರ್ಷ ಯೋಚಿಸಿದ್ದೆ. ಅವಳು ಹಿಂದಿಯಲ್ಲಿ ಹೇಳಿದ್ದಿರಲಾರದು ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕಚೇರಿಗೆ ಹೋಗಿ ಮಳೆ ಪುಸ್ತಕ ತೆರೆದೆ. ಮಳೆ ಸೊನ್ನೆ. ಪಕ್ಕದ ಮನೆಯಲ್ಲಿ ‘ಸೊಕು’ ಎಂದು ಬರೆದು, ಅಲ್ಲಿಯೇ ಇನ್ನೊಂದು ಕಾಲಮ್ಮಿಗೆ ಗೆರೆ ಎಳೆದೆ.