ಮೂವತ್ತು ಸೆಕೆಂಡಿನ ಬಿಡುವು

ಪ್ರವಾಸದಲ್ಲಿ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವರಿಗೆ ಬಿಟ್ಟಿ ಸಲಹೆ ತಪ್ಪಿದ್ದಲ್ಲ. "ಅದನ್ನ ಒಳಗಿಡಿ, ಕಣ್ಣಾರೆ ನೋಡಿ ಖುಷಿಪಡಿ." ಹೀಗೆ ಹೇಳುವವರ ಕೈಯಲ್ಲೂ ಫೋನ್ ಇರುತ್ತದೆ, ಅದು ಬೇರೆ ಮಾತು. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸ್ವಲ್ಪ ರೇಗುತ್ತದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಏನು ಅಂತ ಹೊಳೆದದ್ದು ತಂಗಿ ಜೊತೆ ಬೆಟ್ಟ ಹತ್ತಿ, ಇಳಿದು, ಜಲಪಾತ ನೋಡಿ ಬಂದ ಒಂದು ದಿನ.

ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆ ಮೊದಲೇ ತುದಿಯಲ್ಲಿರಬೇಕು ಅಂತ ಹಟ ಹಿಡಿದವಳು ನಾನು. "ಅಷ್ಟು ಬೇಗ ಹೋಗಿ ಕತ್ತಲೆ ನೋಡ್ತೀಯಾ?" ಅಂತ ತಂಗಿ ದಾರಿಯುದ್ದಕ್ಕೂ ಗೊಣಗಿದಳು. ಕ್ಯಾಮೆರಾ ಹಿಡಿದು ಓಡಾಡಿದವರಿಗೆ ಗೊತ್ತಿರುತ್ತದೆ, ಬಣ್ಣದ ಆಟ ಸೂರ್ಯ ಕಾಣಿಸಿಕೊಳ್ಳುವ ಮುಂಚೆಯೇ ಶುರುವಾಗುತ್ತದೆ. ಅವನು ಇನ್ನೂ ದಿಗಂತದಿಂದ ಆರು ಡಿಗ್ರಿ ಕೆಳಗಿರುವಾಗಲೇ ಮೇಲಿನ ಗಾಳಿಗೆ ಬೆಳಕು ಬಡಿದು ಆಕಾಶ ಕಡು ನೀಲಿಗೆ ತಿರುಗಿರುತ್ತದೆ. ಆಮೇಲೆ ಅಂಚಿನಲ್ಲಿ ಕಿತ್ತಳೆ. ಕೆಳಗೆ ಕಣಿವೆಯ ತುಂಬ ಮಂಜು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿದು ಅಲ್ಲೇ ಕೂತಿರುತ್ತದೆ. ಬಿಸಿಲು ಏರಿದ ಮೇಲೆ ಅದು ಮೇಲೆದ್ದು ಎಲ್ಲವನ್ನೂ ಮಸುಕು ಮಾಡಿಬಿಡುತ್ತದೆ. ಇದೆಲ್ಲ ನೋಡಿ ಗೊಣಗಾಟ ನಿಂತಿತು. ಫೋಟೊ ಹುಚ್ಚು ಇಲ್ಲದಿದ್ದರೆ ಆ ಹೊತ್ತಿಗೆ ನಾನೂ ಮುಸುಕೆಳೆದು ಮಲಗಿರುತ್ತಿದ್ದೆ. ಕ್ಯಾಮೆರಾ ನೋಟವನ್ನು ಕಸಿಯುತ್ತದೆ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜನ ಸೇರಿದ್ದು ಸೂರ್ಯೋದಯಕ್ಕೆ ಐದು ನಿಮಿಷ ಇರುವಾಗ. ಸೂರ್ಯನ ಅಂಚು ಕಂಡಲ್ಲಿಂದ ಇಡೀ ಬಿಂಬ ಮೇಲೆ ಬರುವುದಕ್ಕೆ ನಮ್ಮಂಥ ಉಷ್ಣವಲಯದ ಜಾಗಗಳಲ್ಲಿ ಹಿಡಿಯುವುದು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ಎರಡು ನಿಮಿಷದಲ್ಲಿ ನಮ್ಮ ಪಕ್ಕದ ಒಬ್ಬರು ಮಗನ ಅಂಗೈ ಮೇಲೆ ಸೂರ್ಯನನ್ನು ಕೂರಿಸುವ ಪ್ರಯತ್ನದಲ್ಲಿದ್ದರು. "ಕೈ ಸ್ವಲ್ಪ ಮೇಲೆ... ಅಯ್ಯೋ ಜಾಸ್ತಿ ಆಯ್ತು, ಕೆಳಗೆ... ಈಗ ನಗು." ಸೂರ್ಯ ಯಾರಿಗೂ ಕಾಯುವುದಿಲ್ಲ. ಹುಡುಗ ನಗುವಷ್ಟರಲ್ಲಿ ಬಿಂಬ ಕೈ ಬಿಟ್ಟು ಮೇಲೆ ಹೋಗಿತ್ತು. ಪಾಪ, ಅವನು ಬೆನ್ನು ತಿರುಗಿಸಿ ನಿಂತಿದ್ದರಿಂದ ಸೂರ್ಯೋದಯ ನೋಡಲೇ ಇಲ್ಲ.

ಆದರೆ ಅವರಿಗಿಂತ ನನ್ನ ಗಮನ ಸೆಳೆದದ್ದು ಉಳಿದವರು. ಫೋನ್ ಎತ್ತುತ್ತಾರೆ, ಒತ್ತುತ್ತಾರೆ, ತಕ್ಷಣ ತಲೆ ಬಗ್ಗಿಸುತ್ತಾರೆ. ಒತ್ತಲು ಬೇಕಾದದ್ದು ಅರೆ ಕ್ಷಣ. ಬಂದದ್ದನ್ನು ಹಿಗ್ಗಿಸಿ ನೋಡುವುದು, ಪಕ್ಕದವರಿಗೆ ತೋರಿಸುವುದು, ಚೆನ್ನಾಗಿಲ್ಲದ್ದನ್ನು ಅಳಿಸುವುದು, ಇದಕ್ಕೆ ಹತ್ತು ಹದಿನೈದು ಸೆಕೆಂಡು. ನಾನೂ ಬೇರೆ ದಿನವಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಅವತ್ತು ಚಳಿಗೆ ಕ್ಯಾಮೆರಾ ಬ್ಯಾಟರಿ ಬೇಗ ಇಳಿಯುತ್ತಿತ್ತು. ಲಿಥಿಯಂ ಬ್ಯಾಟರಿಗಳ ಕಥೆಯೇ ಅಷ್ಟು, ತಣ್ಣಗಾದರೆ ಬಲ ಕಡಿಮೆ. ಉಳಿಸೋಣ ಅಂತ, ತೆಗೆದ ಫೋಟೊವನ್ನು ಕೂಡಲೇ ಹಿಂದಿನ ಪರದೆಯಲ್ಲಿ ತೋರಿಸುವ ಸೆಟ್ಟಿಂಗನ್ನು ಹಿಂದಿನ ರಾತ್ರಿಯೇ ಆಫ್ ಮಾಡಿದ್ದೆ. ಹಾಗಾಗಿ ಒತ್ತಿದ ಮೇಲೆ ನೋಡಲು ಎದುರಿಗಿದ್ದ ಬೆಟ್ಟ ಬಿಟ್ಟು ಬೇರೇನೂ ಇರಲಿಲ್ಲ. ಕೈ ಅಭ್ಯಾಸಬಲದಿಂದ ಕ್ಯಾಮೆರಾವನ್ನು ಕೆಳಗಿಳಿಸುತ್ತಿತ್ತು, ಪರದೆ ಕಪ್ಪಗಿರುತ್ತಿತ್ತು, ಮತ್ತೆ ತಲೆ ಎತ್ತುತ್ತಿದ್ದೆ. 36 ಫೋಟೊಗಳ ಫಿಲ್ಮ್ ರೋಲ್ ಹಾಕಿಕೊಂಡು ತಿರುಗುತ್ತಿದ್ದ ಕಾಲದಲ್ಲಿ ಎಲ್ಲರೂ ಹೀಗೇ ಇದ್ದರಲ್ವಾ? ರೋಲ್ ತೊಳೆಸುವ ತನಕ ಏನು ಬಂದಿದೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅವರೇನೂ ಕಡಿಮೆ ಫೋಟೊಗ್ರಾಫರುಗಳಲ್ಲ.

ಬಿಸಿಲು ಬಂದ ಹತ್ತೇ ನಿಮಿಷಕ್ಕೆ ಜಾಗ ಖಾಲಿಯಾಯಿತು. ತಂಗಿಯದ್ದು ಬೇರೆ ದುಃಖ. "ಅಕ್ಕ, ಇಷ್ಟು ದೊಡ್ಡ ಬೆಟ್ಟ, ಫೋನಲ್ಲಿ ನೋಡಿದ್ರೆ ಇರುವೆ ಗೂಡಿನ ಥರ ಬಂದಿದೆ."

ಇದು ಎಲ್ಲರ ದೂರು. ಹೆಚ್ಚಿನ ಫೋನುಗಳ ಮುಖ್ಯ ಲೆನ್ಸು ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 24ರಿಂದ 26 ಮಿಲಿಮೀಟರಿನದು. ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ಹಾಗಾಗಿ ಅದು ತುಂಬ ಅಗಲವಾಗಿ ನೋಡುತ್ತದೆ. ಇಡೀ ದೃಶ್ಯವನ್ನು ತುರುಕಿಕೊಳ್ಳುವ ಭರದಲ್ಲಿ ದೂರದ್ದೆಲ್ಲ ಚಿಕ್ಕದಾಗುತ್ತದೆ. ನಾವು ಬರಿಗಣ್ಣಿಂದ ನೋಡುವಾಗ ಮಾತ್ರ ಮನಸ್ಸು ಶಿಖರವನ್ನೇ ಹಿಡಿದುಕೊಂಡು ಸುತ್ತಲಿನದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಅವಳ ಫೋನಿನಲ್ಲಿ ದೂರದ್ದನ್ನು ಹತ್ತಿರ ತರುವ 3x ಲೆನ್ಸು ಒತ್ತಿಸಿದೆ. "ಎಲ್ಲ ತೆಗೀಬೇಡ. ಇಲ್ಲಿ ನಿನಗೆ ಇಷ್ಟವಾಗಿರೋ ಒಂದೇ ಒಂದು ಚೂರು ಯಾವುದು, ಹೇಳು" ಅಂದೆ. ಅವಳು ತುಂಬ ಹೊತ್ತು ಹುಡುಕಿ, ಮಂಜಿನ ಮೇಲೆ ತಲೆ ಎತ್ತಿ ನಿಂತಿದ್ದ ಒಂಟಿ ಮರವನ್ನು ಆರಿಸಿದಳು. ಎಲ್ಲಕ್ಕಿಂತ ಒಳ್ಳೆಯ ಭಾಗ ಆ ಹುಡುಕಾಟವೇ. ಲಿಂಡಾ ಹೆಂಕೆಲ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮ್ಯೂಸಿಯಮ್ಮಿನಲ್ಲಿ ವಸ್ತುಗಳ ಪೂರ್ತಿ ಫೋಟೊ ತೆಗೆದವರಿಗೆ, ಸುಮ್ನೆ ನೋಡಿದವುಗಳಿಗಿಂತ ಫೋಟೊ ತೆಗೆದವೇ ಕಡಿಮೆ ನೆನಪಿದ್ದವು. ಆದರೆ ಜೂಮ್ ಮಾಡಿ ಒಂದು ಭಾಗವನ್ನು ಮಾತ್ರ ತೆಗೆಸಿದಾಗ ನೆನಪಿಗೆ ಆ ಪೆಟ್ಟು ಬೀಳಲಿಲ್ಲ. ಜನ ಈ ಅಧ್ಯಯನದ ಮೊದಲರ್ಧವನ್ನಷ್ಟೇ ಹೇಳಿ ಹೆದರಿಸುತ್ತಾರೆ.

ಅಲ್ಲಿಂದ ಮುಂದೆ ಅವಳು ಆ ಮರದ ಫೋಟೊವನ್ನು ಮನೆಯ ಗ್ರೂಪಿಗೆ ಹಾಕಿ, ಯಾರು ನೋಡಿದರು, ಯಾರು ಏನಂದರು ಅಂತ ಇಳಿಯುವ ದಾರಿಯಲ್ಲಿ ಅರ್ಧ ಗಂಟೆ ಕಳೆದಳು. ನಾನು ಏನೂ ಹೇಳಲಿಲ್ಲ. ಹೇಳಿದರೆ ಬಿಟ್ಟಿ ಸಲಹೆಯವರ ಸಾಲಿಗೆ ನಾನೂ ಸೇರುತ್ತೇನೆ. ತನಗೋಸ್ಕರ ಇಟ್ಟುಕೊಳ್ಳಲು ಫೋಟೊ ತೆಗೆಯುವವರಿಗಿಂತ ಹಂಚುವುದಕ್ಕೇ ತೆಗೆಯುವವರಿಗೆ ಆ ಹೊತ್ತಿನ ಖುಷಿ ಕಡಿಮೆ ಅಂತ 2018ರ ಇನ್ನೊಂದು ಅಧ್ಯಯನ ಹೇಳುತ್ತದೆ. ಚೆನ್ನಾಗಿ ಕಾಣಬೇಕಲ್ಲ ಅನ್ನುವ ಆತಂಕ ನಡುವೆ ಬರುತ್ತದಂತೆ.

ಜಲಪಾತದ ಹತ್ತಿರ ನೆಟ್‌ವರ್ಕ್ ಇರಲಿಲ್ಲ. ಇದ್ದಿದ್ದರೆ ಮುಂದಿನ ಕಥೆ ಬೇರೆಯೇ ಆಗುತ್ತಿತ್ತೋ ಏನೋ.

ನೀರು ರೇಷ್ಮೆ ಇಳಿಬಿಟ್ಟ ಹಾಗೆ ಬರುವ ಫೋಟೊ ನೋಡಿರುತ್ತೀರಿ. ಅದಕ್ಕೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, ಅರ್ಧ ಸೆಕೆಂಡು ತೆರೆದಿದ್ದರೂ ಸಾಕು. ನನಗೆ ಕೆಳಗಿನ ಮಡುವೂ ಅಲೆಯಿಲ್ಲದೆ ಬರಬೇಕಿತ್ತು. ಅದಕ್ಕೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್ ಹಾಕಿ, ಟ್ರೈಪಾಡ್ ಮೇಲೆ ಮೂವತ್ತು ಸೆಕೆಂಡು ತೆರೆದಿಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಶಟರ್ ಇಷ್ಟು ಹೊತ್ತು ತೆರೆದಿಟ್ಟಾಗ ಚಿತ್ರದಲ್ಲಿ ಬರುವ ಚುಕ್ಕೆಗಳನ್ನು ಕಳೆಯಲು ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೂ ಮೂವತ್ತು ಸೆಕೆಂಡು ಕಪ್ಪು ಚಿತ್ರವೊಂದನ್ನು ತೆಗೆದು, ಮೊದಲಿನದರಿಂದ ಅದನ್ನು ಕಳೆಯುತ್ತದೆ. ಒಂದು ಫೋಟೊಗೆ ಒಂದು ನಿಮಿಷ.

"ಈಗೇನು ಮಾಡೋದು?" ಅಂದಳು ತಂಗಿ.

"ಏನೂ ಇಲ್ಲ. ಟ್ರೈಪಾಡ್ ಮುಟ್ಟದೆ ನಿಂತ್ಕೋ, ಅಷ್ಟೇ."

ಇಬ್ಬರೂ ನಿಂತೆವು. ಮೊದಮೊದಲು ಬರೀ ಭೋರೆನ್ನುವ ಸದ್ದು. ಎರಡನೆಯ ಫೋಟೊ ಹೊತ್ತಿಗೆ ಆ ಸದ್ದು ಒಂದಲ್ಲ ಅಂತ ಗೊತ್ತಾಯಿತು. ಮಧ್ಯದ ಧಾರೆ ನೇರ ಮಡುವಿಗೆ ಬಿದ್ದು ಗುಡುಗುತ್ತಿತ್ತು. ಎಡಕ್ಕೆ ತೆಳ್ಳಗಿನ ಒಂದು ಎಳೆ ಬಂಡೆಗೆ ತಾಗಿ ಚಟಪಟ ಸಿಡಿಯುತ್ತಿತ್ತು. ಗಾಳಿ ಬೀಸಿದಾಗ ಆ ಸಿಡಿತ ನಮ್ಮ ಮುಖಕ್ಕೇ ಬರುತ್ತಿತ್ತು, ಜೊತೆಗೆ ಕೊಳೆತ ಎಲೆಯ ವಾಸನೆ. "ಅಕ್ಕ, ಅಲ್ಲಿ" ಅಂತ ತಂಗಿ ಪಿಸುಗುಟ್ಟಿದಳು. ಬಾಲ ಕುಣಿಸುತ್ತ ಒಂದು ಪುಟ್ಟ ಹಕ್ಕಿ ಒದ್ದೆ ಬಂಡೆಯಿಂದ ಬಂಡೆಗೆ ಹಾರುತ್ತಿತ್ತು. ಅದರ ಫೋಟೊ ನನ್ನ ಹತ್ತಿರ ಇಲ್ಲ. ಕ್ಯಾಮೆರಾ ಆಗ ಕಪ್ಪು ಚಿತ್ರ ತೆಗೆಯುವ ಕೆಲಸದಲ್ಲಿತ್ತು.

ನಿಂತಲ್ಲೇ ತಂಗಿ ಕೇಳಿದಳು, "ಬೆಳಿಗ್ಗೆ ಬೆಟ್ಟದ ಮೇಲೂ ಎಷ್ಟು ಚೆಂದ ಕೇಳಿಸ್ತಾ ಇತ್ತಲ್ವಾ? ಮಂಜಿನ ಕೆಳಗಿಂದ ಕೋಳಿ ಕೂಗೋದು."

ನಾನು ಕೋಳಿ ಕೂಗಿದ್ದು ಕೇಳಿಯೇ ಇರಲಿಲ್ಲ. ಪರದೆ ಆಫ್ ಮಾಡಿ ಕಣ್ಣನ್ನು ಉಳಿಸಿಕೊಂಡಿದ್ದೆ, ಕಿವಿಯ ಯೋಚನೆ ಬಂದಿರಲಿಲ್ಲ. ಆಮೇಲೆ ಓದಿದಾಗ ಸಮಾಧಾನವಾಯಿತು, ಇದು ನನ್ನೊಬ್ಬಳದ್ದಲ್ಲ. 2017ರ ಒಂದು ಅಧ್ಯಯನದಲ್ಲಿ ಮ್ಯೂಸಿಯಂ ನೋಡಲು ಹೋದವರ ಕಿವಿಗೆ ವಿವರಣೆಯ ಆಡಿಯೊ ಹಾಕಿದ್ದರು. ತಮಗೆ ಬೇಕಾದ ಫೋಟೊ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ. ಅಂದರೆ ಕ್ಯಾಮೆರಾ ಕಸಿಯುವುದೂ ನಿಜ, ಕೊಡುವುದೂ ನಿಜ. ಚಕಚಕ ಒತ್ತುತ್ತ ಹೋದರೆ ಕಿವಿಗೆ ಸರದಿಯೇ ಬರುವುದಿಲ್ಲ. ಮೂವತ್ತು ಸೆಕೆಂಡಿನ ಫೋಟೊ ಬೇಡವೆಂದರೂ ಸರದಿ ಕೊಡುತ್ತದೆ.

ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಲೆಕ್ಕಾಚಾರ ನಡೆದೇ ಇತ್ತು. ಮುಂದಿನ ಸಲ ದೊಡ್ಡ ಜೂಮ್ ಲೆನ್ಸು ಮನೆಯಲ್ಲೇ ಇರಲಿ. ಪರದೆಯ ಸೆಟ್ಟಿಂಗ್ ಈಗಿರುವ ಹಾಗೇ ಇರಲಿ. ಟ್ರೈಪಾಡ್ ಮಾತ್ರ ಬೇಕೇ ಬೇಕು, ಎಲ್ಲಿಗೆ ಹೋದರೂ ಬೇಕು. ತಂಗಿಗೂ ಇದನ್ನೇ ಹೇಳಿದೆ.

"ಅದನ್ನ ಇವತ್ತೆಲ್ಲ ಹೊತ್ತಿದ್ದು ಯಾರು?" ಅಂದಳು.

ಅವಳೇ ಹೊತ್ತಿದ್ದಳು.

"ಮುಂದಿನ ಸಲ ನೀನು ಹೊತ್ಕೋ. ಆಮೇಲೆ ಹೇಳು, ಬೇಕೋ ಬೇಡ್ವೋ ಅಂತ."