ಸೆಲ್ಲಾರಿಗೆ ನೀರು ನುಗ್ಗಿದ ಸಂಜೆ

ಮೇ ತಿಂಗಳ ಬೆಂಗಳೂರು. ಮಧ್ಯಾಹ್ನವೆಲ್ಲ ಸುಡುಬಿಸಿಲು, ನಾಲ್ಕೂವರೆಗೆ ಮೋಡ, ಐದಕ್ಕೆ ಆಲಿಕಲ್ಲು. ಮೂವತ್ತು-ನಲವತ್ತರ ಸೈಟಿನ ಮನೆ. ಕೆಳಗಿನ ಸೆಲ್ಲಾರಿನಲ್ಲಿ ಕಾರು, ಎರಡು ಸ್ಕೂಟರು, ಇನ್ವರ್ಟರು, ಮೀಟರ್ ಬೋರ್ಡು. ಐದೂಕಾಲಕ್ಕೆ ರ‍್ಯಾಂಪಿನ ಬುಡದಲ್ಲಿ ಕೆಂಪು ನೀರು ಕಾಣಿಸುತ್ತದೆ.

ಬಕೆಟ್ಟು, ಮಾಪು ಎಲ್ಲ ಆಮೇಲೆ. ಮೊದಲು ಕರೆಂಟು. ಒಣ ಮೆಟ್ಟಿಲ ಮೇಲೆ ನಿಂತೇ ಮೇನ್ ಸ್ವಿಚ್ಚು ಕೈಗೆ ಸಿಗುವಂತಿದ್ದರೆ ಮಾತ್ರ ಇಳಿಸಿ. ಬೋರ್ಡು ನೀರಿನಾಚೆ ಇದ್ದರೆ ಕಾಲಿಡಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮೇನ್ ಇಳಿಸಿದ ಮೇಲೂ ಇನ್ವರ್ಟರು ತನ್ನ ಪಾಡಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಇದನ್ನು ಮರೆಯುವವರೇ ಹೆಚ್ಚು. 2025ರ ಮೇ 19ರಂದು ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರಲ್ಲಿ ಸೆಲ್ಲಾರಿನ ನೀರು ಹೊರಹಾಕಲು ಹೋಗಿ ಶಾಕ್ ಹೊಡೆದು ಇಬ್ಬರು ಸತ್ತರು. ಅದರಲ್ಲೊಬ್ಬ ಹನ್ನೆರಡು ವರ್ಷದ ಹುಡುಗ.

ಇನ್ನು ನೀರು ಬಂದದ್ದೆಲ್ಲಿಂದ? ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ರ‍್ಯಾಂಪಿನ ಮೇಲೆ 50 ಮಿ.ಮೀ. ಮಳೆ ಸುರಿದರೂ ಬೀಳುವುದು 900 ಲೀಟರ್ ಚಿಲ್ಲರೆ. ಸೆಲ್ಲಾರ್ 25 ಅಡಿಗೆ 35 ಅಡಿ ಇದ್ದರೆ ಒಂದಿಂಚು ನೀರೆಂದರೇ 2,000 ಲೀಟರ್ ಮೇಲೆ. ಮೊಣಕಾಲಿನವರೆಗೆ ನಿಂತ ನೀರು ಆಕಾಶದ್ದಲ್ಲ, ರಸ್ತೆಯದ್ದು. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಪದರ ಹಾಕಿ ಹಾಕಿ ಎಷ್ಟೋ ಬೀದಿಗಳು ಗೇಟಿಗಿಂತ ಮೇಲೆದ್ದಿವೆ. ಮನೆ ಕಟ್ಟಿದಾಗ ಸರಿಯಾಗಿದ್ದ ಮಟ್ಟ ಹತ್ತು ವರ್ಷದಲ್ಲಿ ಉಲ್ಟಾ.

ಇದಕ್ಕೆ ಮದ್ದು ರ‍್ಯಾಂಪಿನ ತಲೆಯಲ್ಲಿದೆ. ಗೇಟಿನ ಬಳಿ, ರಸ್ತೆಯ ನಡುಮಟ್ಟಕ್ಕಿಂತ ಕನಿಷ್ಠ ಆರಿಂಚು ಎತ್ತರಕ್ಕೆ ಕಾಂಕ್ರೀಟಿನ ಉಬ್ಬು ಹಾಕಿಸಿ; ಕಾರಿನ ಹೊಟ್ಟೆ ತಾಗದಂತೆ ಎರಡೂ ಬದಿ ಇಳಿಜಾರು ನಿಧಾನವಾಗಿರಲಿ. ಅದೂ ಸಾಲದ ಬೀದಿಯಾದರೆ ಗೇಟಿನ ಎರಡೂ ಪಕ್ಕ ಸಿ-ಚಾನಲ್ (ಸಿ ಅಕ್ಷರದ ಆಕಾರದ ಲೋಹದ ಪಟ್ಟಿ) ಕೂರಿಸಿ, ತಳಕ್ಕೆ ರಬ್ಬರ್ ಪಟ್ಟಿ ಹಾಕಿದ ಹಲಗೆಯನ್ನು ಅದರೊಳಗೆ ಇಳಿಬಿಡಬಹುದು. ಹಲಗೆ ತೆಳ್ಳಗಿದ್ದರೆ ಆಗದು. ಎರಡಡಿ ನೀರು ನಿಂತರೆ ಹತ್ತಡಿ ಹಲಗೆಯ ಮೇಲೆ ಅರ್ಧ ಟನ್ನಿಗೂ ಮೀರಿದ ಒತ್ತಡ, ನಡುವೆ ಕಳಚುವಂಥ ಒಂದು ಕಂಬ ಬೇಕೇ ಬೇಕು. ಇಷ್ಟೆಲ್ಲ ಆದಮೇಲೆ ರ‍್ಯಾಂಪಿನ ಬುಡದ ಜಾಲರಿ ಮೋರಿಗೆ ಉಳಿಯುವುದು ಆ 900 ಲೀಟರ್ ಮಾತ್ರ.

ಆ ನೀರು ಸೇರುವ ಗುಂಡಿ ಸೆಲ್ಲಾರಿನ ಅತಿ ತಗ್ಗಿನ ಮೂಲೆಯಲ್ಲಿರಲಿ. ಎರಡಡಿ ಚೌಕ, ಎರಡಡಿ ಆಳವಾದರೆ 225 ಲೀಟರ್ ಹಿಡಿಯುತ್ತದೆ. ಕೆಸರು ನೀರೆತ್ತುವ ಸಬ್‌ಮರ್ಸಿಬಲ್ ಪಂಪನ್ನೇ ಇಡಿ, ಕುಡಿಯುವ ನೀರಿನದು ಒಂದೇ ಮಳೆಗೆ ಮಣ್ಣು ತಿಂದು ಕೂರುತ್ತದೆ. ಪಂಪು ಕೆಡುವುದಕ್ಕಿಂತ, ನೀರೇರಿದಾಗ ತೇಲಿ ಪಂಪನ್ನು ಆನ್ ಮಾಡುವ ಫ್ಲೋಟ್ ಸ್ವಿಚ್ಚು ಗುಂಡಿಯ ಗೋಡೆಗೆ ಸಿಕ್ಕಿಕೊಳ್ಳುವುದೇ ಜಾಸ್ತಿ. ಪೈಪಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಇಲ್ಲದಿದ್ದರೆ ಏರಿದ ನೀರು ಮತ್ತೆ ಗುಂಡಿಗೇ ಬಿದ್ದು ಮೋಟಾರು ಸುಮ್ಮನೆ ಆನ್-ಆಫ್ ಆಗುತ್ತಿರುತ್ತದೆ. ಮಳೆ ಬಂದಾಗಲೇ ಕರೆಂಟು ಹೋಗುವುದು. ಮನೆಯ 900 ವಿಎ ಇನ್ವರ್ಟರು ಒಂದು ಎಚ್‌ಪಿ ಮೋಟಾರನ್ನು ಎತ್ತಲಾರದು. ಹಾಗಂತ ಡೀಸೆಲ್ ಪಂಪನ್ನು ಸೆಲ್ಲಾರಿನೊಳಗೆ ಓಡಿಸಬೇಡಿ, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಎಂಜಿನ್ ರಸ್ತೆಯಲ್ಲಿ, ಪೈಪು ಮಾತ್ರ ಒಳಗೆ.

ನೀರು ಕಪ್ಪಗಿದ್ದು ನಾತ ಹೊಡೆದರೆ ದಾರಿ ಬೇರೆ. ಮಳೆನೀರು ಯುಜಿಡಿಗೆ (ನೆಲದಡಿಯ ಒಳಚರಂಡಿಗೆ) ಸೇರಿ ಬೀದಿಯ ಮ್ಯಾನ್‌ಹೋಲು ತುಂಬಿದಾಗ, ಆ ಮಟ್ಟಕ್ಕಿಂತ ಕೆಳಗಿರುವ ಸೆಲ್ಲಾರಿನ ಕಮೋಡು, ಫ್ಲೋರ್ ಟ್ರ್ಯಾಪುಗಳಿಂದ ಕೊಳಚೆ ಉಕ್ಕುತ್ತದೆ. ಲೈನಿಗೆ, ಹೊರಹೋಗುವ ನೀರಿಗಷ್ಟೇ ತೆರೆದುಕೊಳ್ಳುವ ಫ್ಲ್ಯಾಪ್ ವಾಲ್ವ್ ಹಾಕಿಸಬಹುದು, ಆದರೆ ಒಂದು ಬಟ್ಟೆ ಚೂರು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಸೆಲ್ಲಾರಿನಲ್ಲಿ ಟಾಯ್ಲೆಟ್ಟೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಈ ನೀರು ಸಂಪಿನ ಮುಚ್ಚಳ ದಾಟಿದ್ದರೆ ಸಂಪನ್ನು ಪೂರ್ತಿ ಖಾಲಿ ಮಾಡಿ ತೊಳೆಯುವವರೆಗೆ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಲೇಬೇಡಿ. ಸಂಪಿನ ಬಾಯಿ ನೆಲಮಟ್ಟಕ್ಕಿಂತ ಒಂದಡಿ ಮೇಲಿದ್ದಿದ್ದರೆ ಈ ರಗಳೆ ಎಷ್ಟೋ ತಪ್ಪುತ್ತಿತ್ತು.

ಮಳೆ ನಿಂತ ತಕ್ಷಣ ಎಲ್ಲ ನೀರನ್ನೂ ಒಂದೇ ಉಸಿರಿಗೆ ಎಳೆಯುವ ಆತುರ ಬೇಡ. ಹೊರಗಿನ ಮಣ್ಣು ನೆನೆದು ಗೋಡೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ, ಒಳಗಿನ ನೀರು ಅದಕ್ಕೆ ಎದುರು ನಿಂತಿರುತ್ತದೆ. ಕಲ್ಲು, ಇಟ್ಟಿಗೆ ಗೋಡೆಯ ಸೆಲ್ಲಾರು ಆಳವಾಗಿ ತುಂಬಿದ್ದರೆ ಒಂದಡಿ ತೆಗೆದು, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಗೆರೆ ದಾಟಿ ಏರಿದ್ದರೆ ಮಣ್ಣಿನ ನೀರಿನ್ನೂ ಇಳಿದಿಲ್ಲ. ಕಾರಿನೊಳಗೆ ನೀರು ಹೋಗಿದ್ದರೆ ಕೀಲಿ ತಿರುಗಿಸಬೇಡಿ, ಎಳೆಸಿಕೊಂಡು ಹೋಗಿ.

ಎಲ್ಲ ಬತ್ತಿದ ಮೇಲೂ ಗೋಡೆಯಲ್ಲೊಂದು ತೇವದ ಕಲೆ ಉಳಿದಿರುತ್ತದೆ. ಅಲ್ಲಿ ಎರಡಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಸೆಲ್ಲಾರಿನ ಗಾಳಿಯ ತೇವ, ಒಂದು ಎಕ್ಸಾಸ್ಟ್ ಫ್ಯಾನು ಸಾಕು. ಗೋಡೆಯ ಕಡೆಯಿದ್ದರೆ ಒಸರು. ಬಿರುಕಿಗೆ ಪಿಯು ಗ್ರೌಟಿಂಗ್ (ಪಾಲಿಯುರೆಥೇನ್ ರಾಳ ತುಂಬಿಸುವುದು) ಮಾಡಿಸುವವರೆಗೆ ಪೇಂಟಿನವನನ್ನು ಕರೆಯಬೇಡಿ.